ಬಿಚ್ಚಿದ ಕೊಡೆ ಎಂದರೆ ನಿಲ್ಲಿಸು

ನನ್ನ ಗಂಟಲಿಗೆ ಏನೂ ಆಗಿರಲಿಲ್ಲ. ಗಂಡ ಬೇಡ ಎಂದಿರಲಿಲ್ಲ. ಯಾರ ಕಣ್ಣೂ ತಾಗಿರಲಿಲ್ಲ. ನನಗಿಂತ ಚೆನ್ನಾಗಿ ಹಾಡುವ ಹುಡುಗಿಯೊಬ್ಬಳು ಸಿಕ್ಕಿದಳು. ಅವಳ ಹಾಡನ್ನು ಜನರ ಕಿವಿಗೆ ಮುಟ್ಟಿಸುವ ಕೆಲಸ ನನಗೆ ಹಾಡುವುದಕ್ಕಿಂತ ಚೆನ್ನಾಗಿ ಬಂತು. ಆದದ್ದು ಇಷ್ಟೇ.

ಆದರೆ ಜನ ಇಷ್ಟಕ್ಕೆ ಒಪ್ಪುವುದಿಲ್ಲ. ಹಾಡುವವಳು ಹಾಡು ಬಿಟ್ಟಳು ಎಂದರೆ ಹಿಂದೆ ಒಂದು ಅಳುವ ಕತೆ ಇರಲೇಬೇಕು ಅವರಿಗೆ. ಮೊಮ್ಮಗಳ ಗೆಳತಿಯರು ಬಂದು, "ಅಜ್ಜಿ, ಸ್ಟೇಜು ಬಿಟ್ಟ ದಿನ ಎಷ್ಟು ಬೇಜಾರಾಯ್ತು?" ಎಂದು ಮೆಲ್ಲಗೆ ಕೇಳುತ್ತಾರೆ, ಸತ್ತ ಮನೆಯಲ್ಲಿ ಕೇಳಿದ ಹಾಗೆ. ಆ ದಿನ ಮಳೆಯಲ್ಲಿ ಪೂರ್ತಿ ನೆನೆದಿದ್ದೆ. ಅದೊಂದು ಬೇಜಾರಿತ್ತು. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನಾನು ಮೂರನೇ ಕ್ಲಾಸಿನವರೆಗೆ ಓದಿದವಳು. ತಪ್ಪಿದ್ದಲ್ಲಿ ನೀವೇ ತಿದ್ದಿಕೊಳ್ಳಿ.

ಎಪ್ಪತ್ತನೇ ಇಸವಿ ದಾಟಿದ ಮೇಲಿನ ಮಾತು. ನಾನು ಕಾಸರಗೋಡಿನವಳು, ಮದುವೆಯಾಗಿ ಫೋರ್ಟ್ ಕೊಚ್ಚಿಗೆ ಬಂದವಳು. ಗಂಡನಿಗೆ ಮಟ್ಟಾಂಚೇರಿಯ ಮೆಣಸಿನ ಗೋದಾಮಿನಲ್ಲಿ ತೂಕದ ಕೆಲಸ. ನಾನು ಹಾಡಲು ಹೇಗೆ ಹೊರಟೆ ಎಂಬುದು ಇಲ್ಲಿ ಬೇಡ. ಆ ಹೊತ್ತಿಗೆ ನಾನೊಂದು ತಂಡದಲ್ಲಿ ಮುಖ್ಯ ಹಾಡುಗಾರ್ತಿ. ತಂಡಕ್ಕೆ ಯಜಮಾನ ಗಿಟಾರ್ ಮಾಸ್ಟರ್. ಇಗರ್ಜಿಯ ಹಾಡಿನ ಗುಂಪಿನಲ್ಲಿ ಬೆಳೆದು ನರೆತ ಮನುಷ್ಯ. ಅವರಲ್ಲದೆ ಅಕಾರ್ಡಿಯನ್, ಪಿಟೀಲು, ಡ್ರಮ್. ಶನಿವಾರ ಒಂದು ಹೋಟೆಲಿನ ಹಾಲ್‌ನಲ್ಲಿ ಬರೇ ಇಂಗ್ಲಿಷ್ ಹಾಡು. ಉಳಿದ ದಿನ ಹಬ್ಬ, ವಾರ್ಷಿಕೋತ್ಸವ, ಕ್ಲಬ್ಬು ಅಂತ ಗಾನಮೇಳ. ಗಾನಮೇಳ ಎಂದರೆ ಸಿನಿಮಾ ಹಾಡುಗಳನ್ನು ವೇದಿಕೆಯ ಮೇಲೆ ವಾದ್ಯ ಸಮೇತ ಹಾಡುವುದು. ರೆಕಾರ್ಡಿನಲ್ಲಿ ಹೇಗಿದೆಯೋ ಹಾಗೆಯೇ ಬರಬೇಕು, ಒಂದು ಕೂದಲೆಳೆ ಆಚೀಚೆ ಆದರೂ ಜನರಿಗೆ ಆಗುವುದಿಲ್ಲ.

ನೋಟೀಸಿನಲ್ಲಿ ನನ್ನ ಹೆಸರಿನ ಮುಂದೆ 'ಪಾಪ್ ಸಿಂಗರ್' ಎಂದು ಅಚ್ಚು ಹಾಕಿಸುತ್ತಿದ್ದರು. ಪಾಪ್ ಎಂದರೆ ಏನೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಇಂಗ್ಲಿಷ್ ಹಾಡನ್ನು ಮಾಸ್ಟರ್ ಒಂದೊಂದೇ ಸಾಲು ಗ್ರಾಮೋಫೋನಿನಲ್ಲಿ ಹಾಕಿ ಮುಳ್ಳು ಎತ್ತುತ್ತಿದ್ದರು, ನಾನು ಕಿವಿಗೆ ಬಿದ್ದದ್ದನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳುತ್ತಿದ್ದೆ. ಮಲಯಾಳ ಹಾಡಿಗೂ ಅದೇ ಕ್ರಮ. ಅರ್ಥ ಯಾರಿಗೆ ಬೇಕು? ಹೋಟೆಲಿಗೆ ಬರುತ್ತಿದ್ದ ಹಡಗಿನವರು ಕುಣಿದರು, ಹೋಟೆಲಿನವರು ಇನ್ನೊಂದು ಶನಿವಾರ ಬನ್ನಿ ಎಂದರು.

ತೊಂದರೆ ಶುರುವಾದದ್ದು ತಿರುವನಂತಪುರದಲ್ಲಿ. ಅಲ್ಲಿಯ ಜನ ಚಪ್ಪಾಳೆಗಿಂತ ಮೊದಲು ಕೂಗುವುದನ್ನು ಕಲಿಯುತ್ತಾರೆ. ಕೂವಲ್ ಎನ್ನುತ್ತಾರೆ ಅದಕ್ಕೆ. ಹಿಂದಿನಿಂದ ಒಬ್ಬ 'ಕೂ' ಎಂದು ಶುರು ಮಾಡಿದರೆ ಸಾಕು, ನರಿ ಕೂಗಿಗೆ ನರಿ ಸೇರಿದ ಹಾಗೆ ಮೈದಾನವಿಡೀ ಸೇರಿಕೊಳ್ಳುತ್ತದೆ. ಒಂದು ಕಾಲೇಜಿನಲ್ಲಿ ನಮ್ಮನ್ನು ಹಾಗೆ ಕೂಗಿ ಇಳಿಸಿದರು. ಹಾಡು ಅರ್ಧದಲ್ಲಿತ್ತು. ರೈಲು ಹಿಡಿದು ಕೊಚ್ಚಿಗೆ ಬಂದೆವು. ಸುದ್ದಿ ನಮಗಿಂತ ಮೊದಲೇ ತಲುಪಿತ್ತು. ಒಪ್ಪಿಕೊಂಡಿದ್ದ ಇಗರ್ಜಿ ಹಬ್ಬದವರು ಬೇರೆ ತಂಡ ಹಿಡಿದರು. ಅಕಾರ್ಡಿಯನ್‌ನವನು ಬೊಂಬಾಯಿಗೆ ಹೋಗುತ್ತೇನೆ ಎನ್ನತೊಡಗಿದ. ಮಾಸ್ಟರ್ ನನ್ನನ್ನು ಕರೆದು ಹೇಳಿದರು: "ಪೆಂಙಳೇ," ಎಂದರೆ ತಂಗಿ, ಅವರು ನನ್ನನ್ನು ಕರೆಯುತ್ತಿದ್ದದ್ದು ಹಾಗೆ, "ಇನ್ನೊಂದು ಸಲ ಕೂಗಿಸಿಕೊಂಡರೆ ಗಿಟಾರನ್ನು ಗೋಡೆಗೆ ತೂಗು ಹಾಕಿ ಮೀನು ಹಿಡಿಯಲು ಹೋಗುವುದೇ."

ಅಂಥ ಸಮಯದಲ್ಲಿ ಸಿಕ್ಕಿದವರು ಸೆಕ್ರೆಟರಿ. ಧಾರವಾಡದ ಕಡೆಯವರು. ತಿರುವನಂತಪುರದ ಪಕ್ಕ ಕಡಲ ಬದಿಗೆ ತುಂಬಾ ಎಂಬ ಊರಿದೆ, ಅದರ ಹತ್ತಿರ ಒಂದು ಸರ್ಕಾರಿ ಕಚೇರಿಯಲ್ಲಿ ಕೆಲಸ, ಅಲ್ಲಿಯ ನೌಕರರ ಕ್ಲಬ್ಬಿಗೆ ಸೆಕ್ರೆಟರಿ. ಕಚೇರಿ ಕೆಲಸಕ್ಕೆ ಕೊಚ್ಚಿಗೆ ಬಂದವರು ನಮ್ಮ ಹೋಟೆಲಿನ ಹಾಲಿಗೆ ಬಂದು ಕುಳಿತಿದ್ದರು. ನಾನು ಮೈಕ್ ಸೆಟ್‌ನವನನ್ನು ಕನ್ನಡದಲ್ಲಿ ಬಯ್ಯುತ್ತಿದ್ದೆ. ಮಲಯಾಳದಲ್ಲಿ ನಾನು ಎಲ್ಲ ವ್ಯವಹಾರ ಮಾಡುತ್ತೇನೆ, ಬಯ್ಯುವುದು ಮಾತ್ರ ಕನ್ನಡದಲ್ಲೇ ಸರಿ ಹೋಗುವುದು. ಅವರು ಎದ್ದು ಬಂದು ಕೈ ಮುಗಿದರು.

"ಅಕ್ಕಾರ, ಭಾಳ ದಿನಾ ಆಗಿತ್ರಿ ಹಿಂಥಾ ಬೈಗಳ ಕೇಳಿ. ಮನಸ್ಸಿಗೆ ತಂಪಾತ್ ನೋಡ್ರಿ."

"ನಿಮಗೂ ಬೇಕಿದ್ದರೆ ಎರಡು ಬಯ್ಯುತ್ತೇನೆ, ಕೂತುಕೊಳ್ಳಿ" ಎಂದೆ.

ನಕ್ಕರು. ಕ್ಲಬ್ಬಿನಲ್ಲಿ ವರ್ಷವಿಡೀ ಕಾರ್ಯಕ್ರಮಗಳಿವೆ, ಓಣಂನಿಂದ ಹಿಡಿದು ವಾರ್ಷಿಕೋತ್ಸವದವರೆಗೆ. ಒಂದು ಗಾನಮೇಳ ಮಾಡಿ ತೋರಿಸಿ, ಸರಿಯಾದರೆ ಎಲ್ಲವೂ ನಿಮ್ಮ ತಂಡಕ್ಕೇ ಎಂದರು. ಕಮಿಟಿಯಲ್ಲಿ ತಿರುವನಂತಪುರದವರಿದ್ದಾರೆ, ಕೂವಲ್ ಆಯಿತೆಂದರೆ ತನ್ನ ಮಾತು ನಡೆಯುವುದಿಲ್ಲ ಎಂದೂ ಹೇಳಿದರು. ಎಲ್ಲ ಹೇಳಿ, ಹೊರಡಲು ಎದ್ದು, ಬಾಗಿಲ ಹತ್ತಿರ ನಿಂತರು.

"ಒಂದ ಮಾತು ಉಳೀತ್ರಿ. ನಮ್ಮ ಹುಡುಗಿ ಹಾಡ್ತಾಳ. ಎರಡ ಹಾಡು. ಜಾಸ್ತಿ ಏನಿಲ್ಲ."

ಪ್ರತಿ ಕ್ಲಬ್ಬಿಗೆ ಒಬ್ಬ ಸೆಕ್ರೆಟರಿ, ಪ್ರತಿ ಸೆಕ್ರೆಟರಿಗೆ ಒಬ್ಬಳು ಹಾಡುವ ಮಗಳು. ಇದು ಮೊದಲ ಸಲವೇನೂ ಅಲ್ಲ. "ಹಾಡಲಿ, ನಮಗೆಂತ" ಎಂದೆ. ಆ ಎರಡು ಹಾಡಿಗೆ ಜನ ಕೂಗಿದರೆ ಗತಿ ಏನು ಎಂಬ ಯೋಚನೆ ಮಾತ್ರ ಬಿಡಲಿಲ್ಲ.

ತುಲಾ ಮಾಸದ, ಹಿಂಗಾರು ಮಳೆಯ ದಿನಗಳು. ಫೋರ್ಟ್ ಕೊಚ್ಚಿಯಿಂದ ಬೋಟಿನಲ್ಲಿ ಎರ್ನಾಕುಲಂ ಜೆಟ್ಟಿಗೆ, ಅಲ್ಲಿಂದ ರೈಲು. ಡ್ರಮ್ಮನ್ನು ನನ್ನ ಮನೆಯ ಹೊದಿಕೆಯಲ್ಲಿ ಕಟ್ಟಿ ಹೊತ್ತೆವು. ಒಂದು ದಿನ ಮೊದಲೇ ತಲುಪಿದೆವು. ಮೈದಾನ ಚೆನ್ನಾಗಿತ್ತು. ಒಂದು ತುದಿಯಲ್ಲಿ ಹಲಗೆ ಹಾಸಿ ಮಾಡು ಕಟ್ಟಿದ ವೇದಿಕೆ, ಎದುರು ಅಧಿಕಾರಿಗಳಿಗೆ ಕುರ್ಚಿ, ಅದರ ಹಿಂದೆ ಮರಳು. ಮರಳಿನ ಜಾಗ ಕಡಲ ಬದಿಯ ಮೀನುಗಾರರ ಮನೆಯವರದ್ದು. ಅವರಿಗೂ ಬರಲು ಹೇಳಿದ್ದರು. ಬಲಬದಿಗೆ ಕಡಲು, ಎಡಬದಿಗೆ ಕ್ವಾರ್ಟರ್ಸು, ನಡುವೆ ಅಲ್ಲಲ್ಲಿ ತೆಂಗಿನ ಮರ. ಎಲ್ಲಕ್ಕಿಂತ ಹಿಂದೆ ಒಂದು ಚಹಾ ಅಂಗಡಿ.

ಮಧ್ಯಾಹ್ನ ಅಭ್ಯಾಸ. ನಾನು ಒಂದು ಹಾಡು ಹಾಡಿದೆ, ಎಂದಿನ ಹಾಗೆ ಚೆನ್ನಾಗಿ ಬಂತು. ಅಷ್ಟರಲ್ಲಿ ಸೆಕ್ರೆಟರಿ ಹೆಂಡತಿ ಮಗಳೊಂದಿಗೆ ಬಂದರು. ಹುಡುಗಿಗೆ ಹದಿನೆಂಟೋ ಹತ್ತೊಂಬತ್ತೋ. ಸೋಡಾ ಬಾಟಲಿಯ ತಳದ ಹಾಗಿರುವ ಕನ್ನಡಕ. ನಾನು ಕನ್ನಡದಲ್ಲಿ "ಯಾವ ಹಾಡು ಮಗಾ?" ಎಂದರೆ ಅವಳು ಮಲಯಾಳದಲ್ಲಿ ಉತ್ತರ ಕೊಟ್ಟಳು.

"ಕನ್ನಡದಾಗ ಹೇಳವಾ" ಎಂದರು ತಂದೆ.

"ಆಂಟಿಗೆ ಗೊತ್ತಾಯ್ತಲ್ಲ ಅಪ್ಪ, ಮತ್ತೆ ಯಾಕೆ?" ಎಂದಳು, ಅದೂ ಮಲಯಾಳದಲ್ಲೇ.

ಅವಳ ಶ್ರುತಿ ನನ್ನದಕ್ಕಿಂತ ಮೇಲೆ. ಮಾಸ್ಟರ್ ಗಿಟಾರಿನ ಕತ್ತಿಗೆ ಕ್ಲಿಪ್ಪು ಹಾಕಿ ಮೇಲೇರಿಸಿಕೊಂಡರು, ಅವರಿಗೆ ಕಷ್ಟವಿಲ್ಲ. ಅಕಾರ್ಡಿಯನ್‌ನವನಿಗೆ ಬೆರಳುಗಳನ್ನೆಲ್ಲ ಹೊಸ ಜಾಗಕ್ಕೆ ಸರಿಸಬೇಕು. "ಎರಡು ಹಾಡಿಗೆ ಇಷ್ಟು ಸರ್ಕಸ್ಸಾ!" ಎಂದು ಗೊಣಗಿದ. ನಾನು ಅಲ್ಲಿ ನಿಂತರೆ ನನ್ನ ಮುಖ ಹೇಗಾಗುತ್ತದೆಂದು ನನಗೆ ಗೊತ್ತು. ಮುಖ ತೋರಿಸುವುದು ಬೇಡವೆಂದು ವೇದಿಕೆಯಿಂದಿಳಿದು ಚಹಾ ಅಂಗಡಿಗೆ ನಡೆದೆ.

ಅಲ್ಲಿಂದ ಕೇಳಿದರೆ ಗಿಟಾರಿನ ಟಂಗ್ ಟಂಗ್, ಡ್ರಮ್ಮಿನ ಢಬ್ಬು, ಅಷ್ಟೇ. ಹುಡುಗಿಯ ಧ್ವನಿ ಬಾವಿಯೊಳಗಿನಿಂದ ಬಂದ ಹಾಗೆ. ನನಗೆ ಸ್ವಲ್ಪ ಖುಷಿಯೇ ಆಯಿತು.

"ಹುಡುಗಿಗೆ ಗಂಟಲೇ ಇಲ್ಲ" ಎಂದೆ ಚಹಾದವನಿಗೆ.

ಅವನು ಚಹಾ ಎತ್ತಿ ಹೊಯ್ಯುತ್ತ, "ನೀವು ಹಾಡಿದಾಗಲೂ ಹೀಗೇ ಇತ್ತು ಚೇಚಿ" ಎಂದ. ಅಕ್ಕ ಎನ್ನುವುದಕ್ಕೆ ಅಲ್ಲಿ ಚೇಚಿ.

"ಹೀಗೇ ಅಂದರೆ?"

"ಬಾಯಿ ಅಲ್ಲಾಡುತ್ತಿತ್ತು. ಹಾಡುತ್ತಿದ್ದೀರಿ ಎಂದುಕೊಂಡೆ."

ಚಹಾ ಲೋಟವನ್ನು ಕೆಳಗಿಟ್ಟೆ. ಇಷ್ಟು ವರ್ಷ ಮೈಕಿನ ಮುಂದೆ ನಿಂತು ನನ್ನ ಧ್ವನಿಯನ್ನು ನಾನು ಕೇಳಿದ್ದೆ. ಮೈದಾನದ ಹಿಂದೆ ನಿಂತು ನಮ್ಮ ತಂಡವನ್ನು ಒಂದು ಸಲವೂ ಕೇಳಿರಲಿಲ್ಲ. ಮಾಸ್ಟರೂ ಕೇಳಿರಲಿಲ್ಲ. ಹೇಗೆ ಕೇಳುವುದು, ಎಲ್ಲರೂ ಮೇಲೆಯೇ ಇರುತ್ತೇವಲ್ಲ! ಆ ಕಾಲೇಜಿನ ಹುಡುಗರಿಗೆ ಎಷ್ಟು ಶಾಪ ಹಾಕಿದ್ದೆ. ಅವರು ಕೂಗಿದ್ದು ನ್ಯಾಯವಾಗಿಯೇ ಇತ್ತು.

ಚಹಾ ಬಿಟ್ಟು ಆ ಮೈದಾನದ ಮೈಕ್ ಸೆಟ್‌ನವನ ಹತ್ತಿರ ಬಂದೆ. ಅವನದು ಎರಡು ಕೋಳಾಂಬಿ. ಆ ದೊಡ್ಡ ತುತ್ತೂರಿಯಂಥ ಸ್ಪೀಕರಿಗೆ ಅಲ್ಲಿ ಹಾಗೆನ್ನುತ್ತಾರೆ. ವೇದಿಕೆಯ ಎರಡು ಕಂಬಕ್ಕೆ ಕಟ್ಟಿದ್ದ. ಒಂದರ ಬಾಯಿ ಕಡಲಿಗೆ, ಇನ್ನೊಂದರದು ಕ್ವಾರ್ಟರ್ಸಿಗೆ.

"ಒಂದು ಮೀನಿಗೆ, ಒಂದು ಅಡುಗೆಮನೆಗೆ. ಕುಳಿತು ಕೇಳುವವರಿಗೆ ಯಾವುದು?" ಎಂದು ಕೇಳಿದೆ.

"ಚೇಚೀ, ಜನರ ಕಡೆ ತಿರುಗಿಸಿದರೆ ಮೈಕು ಅರಚುತ್ತದೆ. ಕೋಳಾಂಬಿಯ ಸದ್ದು ತಿರುಗಿ ಮೈಕಿಗೇ ಹೋಗುತ್ತದೆ. ಅದು ಸಯನ್ಸು."

"ಸಯನ್ಸು ನಿನ್ನ ಹತ್ತಿರವೇ ಇರಲಿ ತಮ್ಮಾ. ಕೋಳಾಂಬಿಯನ್ನು ಮೈಕಿಗಿಂತ ಮುಂದೆ ಕಟ್ಟಿದರೆ?"

"ಅಷ್ಟು ವಯರಿಲ್ಲ" ಎಂದ. ಅಂದರೆ ಆಗುತ್ತದೆ. ಪೆಂಡಾಲಿನ ದೀಪದವನ ಹತ್ತಿರ ವಯರು ಇತ್ತು. ಅದನ್ನು ಸೆಕ್ರೆಟರಿಯಿಂದ ಕೇಳಿಸಿ ತೆಗೆದುಕೊಂಡೆವು. ಕುರ್ಚಿಗಳು ಮುಗಿಯುವಲ್ಲಿ ಎರಡು ತೆಂಗಿನ ಮರಕ್ಕೆ ಕೋಳಾಂಬಿ ಏರಿದವು, ಬಾಯಿ ಮರಳಿನ ಕಡೆಗೆ. ಮೈಕು ಅರಚಲಿಲ್ಲ. ಇನ್ನು ಗಿಟಾರು. ಗಿಟಾರಿಗೆ ಅದರದ್ದೇ ಪೆಟ್ಟಿಗೆ ಸ್ಪೀಕರು, ಮಾಸ್ಟರ್ ಅದನ್ನು ಜನರಿಗೆ ಎದುರಾಗಿ ಮುಂದೆ ಇಟ್ಟುಕೊಳ್ಳುತ್ತಿದ್ದರು. ಹಿಂದಿನ ಪರದೆಗೆ ಮುಖ ಮಾಡಿ ಇಡಿ ಎಂದೆ.

ಅವರಿಗೆ ಮುಖವೇ ಕಪ್ಪಾಯಿತು. "ನನ್ನ ಗಿಟಾರು ಪರದೆಗೆ ಕೇಳಬೇಕೇ?"

"ಮೊದಲು ಪರದೆಗೆ ಕೇಳಲಿ, ಆಮೇಲೆ ಜನಕ್ಕೆ. ಹಾಡಿಗಿಂತ ಒಂದು ಹೆಜ್ಜೆ ಹಿಂದೆ ಬರಲಿ ಮಾಸ್ಟರೇ."

"ಹಾಡುಗಾರ್ತಿಯರೆಲ್ಲ ಹೀಗೆಯೇ" ಎಂದರು. ಆದರೆ ಚಹಾ ಅಂಗಡಿಯವರೆಗೆ ನಡೆದು ತಾವೇ ಕೇಳಿ ಬಂದರು. ಬಂದವರು ಪೆಟ್ಟಿಗೆ ತಿರುಗಿಸಿದರು.

ಪಿಟೀಲಿನವನನ್ನು ಹಾಡುವವಳ ಮೈಕಿನಿಂದ ದೂರ ಸರಿಸಿದೆವು. ಹುಡುಗಿಗೆ, ಮೈಕಿಗೂ ತುಟಿಗೂ ನಡುವೆ ನಾಲ್ಕು ಬೆರಳಿನ ಜಾಗ ಇಡು, ತಲೆ ಅತ್ತಿತ್ತ ಹಾಕಬೇಡ ಎಂದೆ. ಅವಳು ನಾಲ್ಕು ಬೆರಳು ಇಟ್ಟು ನೋಡಿಕೊಂಡಳು, ಆಮೇಲೆ ಅಲ್ಲಾಡಲಿಲ್ಲ. ಹೇಳಿದ್ದನ್ನು ಒಂದೇ ಸಲಕ್ಕೆ ತೆಗೆದುಕೊಳ್ಳುವವಳು ಎಂದು ಅಷ್ಟಕ್ಕೇ ಗೊತ್ತಾಯಿತು. ಹಿಂದೆ ನಿಂತು ಕೇಳಿದರೆ ಈಗ ಒಂದೊಂದು ಅಕ್ಷರವೂ ಬರುತ್ತಿತ್ತು. ಗಂಟಲಿಲ್ಲ ಎಂದಿದ್ದೆನಲ್ಲ, ಆ ಮಾತನ್ನು ಚಹಾದವನ ಹತ್ತಿರ ಹಿಂದೆ ತೆಗೆದುಕೊಂಡು ಬಂದೆ.

ಮೈಕ್ ಸೆಟ್‌ನವನು ಅಷ್ಟಕ್ಕೆ ಬಿಡಲಿಲ್ಲ. "ಖಾಲಿ ಮೈದಾನದ ಲೆಕ್ಕ ಬೇರೆ ಚೇಚೀ. ನಾಳೆ ಜನ ತುಂಬಿದ ಮೇಲೆ ಅವರ ಮೈಯೇ ಅರ್ಧ ಸದ್ದು ಕುಡಿಯುತ್ತದೆ. ಎಷ್ಟು ಏರಿಸಬೇಕು, ಯಾವುದನ್ನು ಇಳಿಸಬೇಕು, ನನಗೆ ಇಲ್ಲಿ ಪೆಟ್ಟಿಗೆಯ ಹತ್ತಿರ ಗೊತ್ತಾಗುವುದಿಲ್ಲ." ಅವನು ಹೇಳಿದ್ದು ಸರಿಯಿತ್ತು. ಹಿಂದೆ ಒಬ್ಬರು ನಿಂತು ಹೇಳಬೇಕು. ಹುಡುಗಿ ಹಾಡುವಾಗ ನಾನು ಖಾಲಿ. ಆದರೆ ಅಷ್ಟು ದೂರದಿಂದ ಹೇಳುವುದು ಹೇಗೆ? ಮುಖ ಕಾಣುವುದಿಲ್ಲ, ಕೈ ಕಾಣುವುದಿಲ್ಲ. ನನ್ನ ಕಂಕುಳಲ್ಲಿ ಕೊಡೆ ಇತ್ತು.

ಚಹಾ ಅಂಗಡಿಯ ಪೆಟ್ರೋಮ್ಯಾಕ್ಸಿನ ಕೆಳಗೆ ನಾನು ನಿಲ್ಲುವುದು. ಮುಚ್ಚಿದ ಕೊಡೆಯನ್ನು ನೆಟ್ಟಗೆ ಎತ್ತಿದರೆ, ಹಾಡುವ ಧ್ವನಿ ಏರಿಸಿ, ಮುಂದುವರಿಸಿ. ಅಡ್ಡ ಹಿಡಿದರೆ, ವಾದ್ಯ ಇಳಿಸಿ. ಮೈಕು ಸತ್ತರೆ, ಶ್ರುತಿ ತಪ್ಪಿದರೆ, ಏನಾದರೂ ಪೂರ್ತಿ ಕೆಟ್ಟರೆ ಕೊಡೆ ಬಿಚ್ಚುವುದು. ಬಿಚ್ಚಿದ ಕೊಡೆ ಎಂದರೆ ನಿಲ್ಲಿಸು. ಕೂಗಿಸಿಕೊಂಡು ಎಳೆಯುವುದಕ್ಕಿಂತ ನಿಲ್ಲಿಸಿ ಮತ್ತೆ ಶುರು ಮಾಡುವುದು ಮೇಲು ಎಂದು ಮಾಸ್ಟರ್ ಹೇಳಿದರು, ಎಲ್ಲರೂ ಹೌದೆಂದೆವು. ಡ್ರಮ್ಮಿನವನಂತೂ ಮೂರನ್ನೂ ಬಾಯಿಪಾಠ ಮಾಡಿದ.

ಮರುದಿನ ಸಂಜೆ ಮೈದಾನ ತುಂಬಿತು. ಕುರ್ಚಿಗಳಲ್ಲಿ ಸಾಹೇಬರುಗಳು, ಮರಳಿನಲ್ಲಿ ಮಕ್ಕಳುಮರಿ ಸಮೇತ ಕಡಲ ಬದಿಯವರು. ಬದಿಯ ಗೋಡೆಯ ಮೇಲೆ ಸಾಲಾಗಿ ಕುಳಿತ ಹುಡುಗರು. ಕೂವಲ್ ಬರುವುದು ಯಾವಾಗಲೂ ಗೋಡೆಯಿಂದಲೇ.

ಮೊದಲ ಎರಡು ಹಾಡು ನನ್ನವು. ನಾನು ಹಾಡುವಾಗ ಹಿಂದೆ ಯಾರೂ ಇಲ್ಲ. ಮೊದಲನೆಯದು ಹೇಗೋ ಹೋಯಿತು. ಎರಡನೆಯದರ ನಡುವೆ ಗೋಡೆಯಿಂದ ಒಂದು ಸಣ್ಣ 'ಕೂ' ಬಂತು, ಕಾಗೆ ಮರಿಯ ಹಾಗೆ, ರುಚಿ ನೋಡುವುದಕ್ಕೆ. ಮೇಲೆ ನಿಂತ ನನಗೆ ಎಲ್ಲ ಸರಿಯಾಗಿಯೇ ಕೇಳುತ್ತಿತ್ತು, ಆದರೆ ಅದಕ್ಕೆ ಬೆಲೆಯಿಲ್ಲ ಎಂದು ಈಗ ಗೊತ್ತಿತ್ತಲ್ಲ. ಮುಗಿಸಿ ಕೆಳಗಿಳಿದೆ.

ಮೆಟ್ಟಿಲಲ್ಲಿ ಹುಡುಗಿ ಕನ್ನಡಕ ತೆಗೆದು ನನ್ನ ಕೈಗೆ ಕೊಟ್ಟಳು. "ಆಂಟೀ, ಇದನ್ನು ಹಿಡಕೊಳ್ಳಿ. ಫೋಟೋ ತೆಗೆಯುತ್ತಾರೆ."

"ಬಿದ್ದುಗಿದ್ದೀಯೆ" ಎಂದೆ. ಕನ್ನಡಕವನ್ನು ಚೀಲಕ್ಕೆ ಹಾಕಿ, ಕೊಡೆ ಹಿಡಿದು, ಜನರ ಬದಿಯಿಂದ ಹಿಂದಕ್ಕೆ ಓಡಿದೆ.

ಮೈಕ್ ಸೆಟ್‌ನವನು ಹೇಳಿದ ಹಾಗೆಯೇ ಆಗಿತ್ತು, ಧ್ವನಿಯ ಅರ್ಧ ಜನರ ಮೈಯಲ್ಲಿ ಇಂಗಿತ್ತು. ಕೊಡೆ ನೆಟ್ಟಗೆ ಎತ್ತಿದೆ. ಅವನು ಗುಂಡಿ ತಿರುಗಿಸಿದ. ಇನ್ನೂ ಎತ್ತಿದೆ. ಬಂತು. ಪಿಟೀಲು ಮೈಮೇಲೆ ಬೀಳುತ್ತಿತ್ತು, ಅಡ್ಡ ಹಿಡಿದೆ. ಇಳಿಯಿತು. ನನಗೆ ಅಡುಗೆಯ ನೆನಪಾಯಿತು. ಉಪ್ಪು ಎಷ್ಟೆಂದು ಬಡಿಸಿಕೊಂಡು ಉಂಡವರಿಗೇ ತಿಳಿಯುವುದು. ಗೋಡೆಯ ಮೇಲೆ ಒಬ್ಬ ಬಾಯಿಗೆ ಕೈ ಇಟ್ಟಿದ್ದ. ಪಕ್ಕದವನು ಅವನ ತೊಡೆಗೆ ಬಡಿದು "ಮಿಂಡಾದಿರಿಡಾ" ಎಂದ, ಸುಮ್ಮನಿರೋ ಎಂದು. ತಿರುವನಂತಪುರದಲ್ಲಿ ಇಷ್ಟು ಸಿಕ್ಕಿದರೆ ಬೇರೆ ಊರಿನಲ್ಲಿ ಹಾರ ಹಾಕಿದ ಹಾಗೆ.

ಅವಳ ಎರಡು ಹಾಡು ಮುಗಿದವು. ಚಪ್ಪಾಳೆ ಬಂತು. ಮಾಸ್ಟರ್ ನನ್ನ ಕಡೆ ಕೈ ಬೀಸಿದರು, ಬಾ ಎಂದು. ಮುಂದಿನದು ನನ್ನ ಇಂಗ್ಲಿಷ್ ಹಾಡು. ಹೋಟೆಲಿನಲ್ಲಿ ಎರಡೆರಡು ಸಲ ಹಾಡಿಸುತ್ತಿದ್ದ ಹಾಡು. ಒಂದು ಹೆಜ್ಜೆ ಇಟ್ಟೆ ಕೂಡ. ನಾನು ಮೇಲೆ ಹೋದರೆ ಇಲ್ಲಿ ಯಾರು? ಗೋಡೆಯ ಹುಡುಗರು ಕೂಗುವುದಕ್ಕೆ ಒಂದೇ ಹಾಡಿನಷ್ಟು ದೂರ ಇದ್ದರು. ಅವಳು ಹೋಗಿ ನಾನು ಬಂದರೆ ಅವರಿಗೆ ಏನು ಕೇಳುತ್ತದೆ ಎಂದು ನನಗೆ ಈಗ ಗೊತ್ತು. ಧ್ವನಿಯ ಮಾತೂ ಇತ್ತು. ಪಕ್ಕಪಕ್ಕ ಕೇಳಿದ ಮೇಲೆ ಸುಳ್ಳು ಹೇಳಿಕೊಳ್ಳಲು ಆಗುವುದಿಲ್ಲ. ಅವಳದು ತೆಳ್ಳಗೆ ಇದ್ದರೂ ನೆಲಕ್ಕೆ ಬೀಳುವುದಿಲ್ಲ. ಮಲಯಾಳ ಅವಳ ನಾಲಿಗೆಯದ್ದೇ, ನನ್ನ ಹಾಗೆ ಬೇರೆ ಅಕ್ಷರದಿಂದ ಎತ್ತಿಕೊಂಡದ್ದಲ್ಲ.

ಇಟ್ಟ ಹೆಜ್ಜೆ ಹಿಂದೆ ತೆಗೆದೆ. ಕೊಡೆ ನೆಟ್ಟಗೆ ಎತ್ತಿದೆ. ಮುಂದುವರಿಸಿ.

ಮಾಸ್ಟರ್ ಇನ್ನೊಮ್ಮೆ ಕೈ ಬೀಸಿದರು. ನಾನು ಇನ್ನೊಮ್ಮೆ ಎತ್ತಿದೆ. ಅವರು ಹುಡುಗಿಯ ಕಿವಿಯಲ್ಲಿ ಏನೋ ಕೇಳಿದರು, ಅವಳು ತಲೆಯಾಡಿಸಿದಳು. ರೇಡಿಯೋದಲ್ಲಿ ಬಂದ ಹಾಡು ಒಂದೂ ಅವಳಿಗೆ ಬಾರದ್ದಿಲ್ಲ ಎಂದು ಆಮೇಲೆ ತಿಳಿಯಿತು. ಮೂರನೆಯದು ಶುರುವಾಯಿತು.

ಎರಡನೇ ಚರಣಕ್ಕೆ ಬರುವಾಗ ಮಳೆ. ಕಡಲ ಕಡೆಯ ತುಲಾ ಮಳೆ ಹೇಳಿ ಕೇಳಿ ಬರುವುದಿಲ್ಲ. ಮೊದಲು ಒಂದು ಕೊಡೆ ಬಿಚ್ಚಿಕೊಂಡಿತು, ಆಮೇಲೆ ನಾಲ್ಕು, ಆಮೇಲೆ ಮೈದಾನವಿಡೀ ಕಪ್ಪು. ಕೇರಳದಲ್ಲಿ ಅನ್ನವಿಲ್ಲದ ಮನೆ ಇರಬಹುದು, ಕೊಡೆಯಿಲ್ಲದ ಮನೆ ಇಲ್ಲ. ಆ ಕ್ಷಣಕ್ಕೇ ನನಗೆ ಹೊಳೆದದ್ದು, ನಾವು ಎಂಥ ಮಂಗ ಕೆಲಸ ಮಾಡಿದ್ದೇವೆ ಎಂದು. ಮಳೆಗಾಲದಲ್ಲಿ ಹುಟ್ಟಿ ಮಳೆಯಲ್ಲೇ ನರೆತ ಒಬ್ಬೊಬ್ಬರೂ ಕುಳಿತು, ಬಿಚ್ಚಿದ ಕೊಡೆ ಎಂದರೆ ನಿಲ್ಲಿಸು ಎಂದು ಒಪ್ಪಿದ್ದೆವು!

ಡ್ರಮ್ಮಿನವನು ಮೊದಲು ನಿಲ್ಲಿಸಿದ, ಬಾಯಿಪಾಠ ಮಾಡಿದವನು ಅವನೇ ಅಲ್ಲವೇ. ಹಿಂದೆಯೇ ಅಕಾರ್ಡಿಯನ್. ಮಾಸ್ಟರ್ ಕೊಡೆಗಳ ಕಡಲನ್ನು ನೋಡಿ ಕೈ ಎತ್ತಿಬಿಟ್ಟರು. ಪಿಟೀಲು ಇಳಿಯಿತು. ಗೋಡೆಯ ಮೇಲೆ ಎಲ್ಲರೂ ಒಟ್ಟಿಗೆ ಉಸಿರು ಎಳೆದುಕೊಂಡದ್ದು ನನಗೆ ಕಂಡಿತು. ಹೋಯಿತು ತಂಡ, ಎಂದುಕೊಂಡೆ.

ಹುಡುಗಿ ಮಾತ್ರ ನಿಲ್ಲಿಸಲಿಲ್ಲ. ನಾಲ್ಕು ಬೆರಳು ದೂರ ನಿಂತವಳು ನಿಂತ ಹಾಗೆಯೇ ಹಾಡಿದಳು. ಹಿಂದೆ ಒಂದು ವಾದ್ಯವಿಲ್ಲ, ತಾಳವಿಲ್ಲ. ಕೊಡೆ ಬಟ್ಟೆಯ ಮೇಲೆ ಬೀಳುವ ಮಳೆ, ಅದರ ಮೇಲೆ ಅವಳ ಧ್ವನಿ. ಎಳೆದ ಉಸಿರನ್ನು ಗೋಡೆಯ ಹುಡುಗರು ಏನು ಮಾಡುವುದೆಂದು ತಿಳಿಯದೆ ಇಟ್ಟುಕೊಂಡೇ ಕುಳಿತರು. ಆದರೆ ಎಷ್ಟು ಹೊತ್ತು? ಚರಣ ಮುಗಿದ ಕೂಡಲೇ ವಾದ್ಯ ಬರಬೇಕು. ಬರದಿದ್ದರೆ ಆ ಉಸಿರು ಹೊರಗೆ ಬೀಳುತ್ತದೆ.

ಓಡಿ ಹೇಳುವಷ್ಟು ಸಮಯವಿಲ್ಲ. ಕೂಗಿದರೆ ನಾನೇ ಕೂವಲ್ ಶುರು ಮಾಡಿದ ಹಾಗಾಗುತ್ತದೆ. ನನ್ನ ಕೈಯಲ್ಲಿ ಕೊಡೆ ಇತ್ತು, ಮುಚ್ಚಿಯೇ ಇತ್ತು. ಚಹಾ ಅಂಗಡಿಯ ಹೊರಗಿನ ಬೆಂಚು ಹತ್ತಿ, ಪೆಟ್ರೋಮ್ಯಾಕ್ಸಿನ ಪಕ್ಕದಲ್ಲಿ, ಅದನ್ನು ನೆಟ್ಟಗೆ ಎತ್ತಿ ಹಿಡಿದು ನಿಂತೆ. ತಲೆಯಿಂದ ನೀರು ಕಣ್ಣಿಗೆ ಇಳಿಯುತ್ತಿತ್ತು.

"ಚೇಚೀ, ಕೊಡೆಯನ್ನು ಬಿಚ್ಚಬಾರದೇ?" ಎಂದ ಚಹಾದವನು.

"ಬಾಯಿ ಮುಚ್ಚು" ಎಂದೆ.

ಮೈದಾನದಲ್ಲಿ ಕೊಡೆ ಇದ್ದೂ ನೆನೆಯುತ್ತಿದ್ದವಳು ನಾನೊಬ್ಬಳೇ. ಅಷ್ಟು ಬಿಚ್ಚಿದ ಕೊಡೆಗಳ ನಡುವೆ ಒಂದೇ ಒಂದು ಮುಚ್ಚಿದ್ದು. ಮಾಸ್ಟರ್ ಕಣ್ಣು ಕಿರಿದು ಮಾಡಿ ನೋಡಿದರು. ನೋಡಿದವರು ಬಗ್ಗಿ ಡ್ರಮ್ಮಿನವನ ಕಡೆ ಏನೋ ಬಯ್ದರು, ಚರಣದ ಕೊನೆಯ ಅಕ್ಷರಕ್ಕೆ ಸರಿಯಾಗಿ ಗಿಟಾರು ಬಂತು, ಹಿಂದೆಯೇ ಉಳಿದವರೂ ಬಂದರು. ಜನ ಕೊಡೆಯನ್ನು ಒಂದು ಕೈಯಲ್ಲಿ ಹಿಡಿದು ತೊಡೆಗೆ ಬಡಿದು ಚಪ್ಪಾಳೆ ಹಾಕಿದರು. ನಡುವೆ ವಾದ್ಯ ನಿಲ್ಲಿಸಿದ್ದು ನಮ್ಮ ಹೊಸ ಏರ್ಪಾಡು ಎಂದುಕೊಂಡರಂತೆ. ಯಾರೂ ತಿದ್ದಲು ಹೋಗಲಿಲ್ಲ.

ಮಳೆ ಬೇಗನೆ ಹೋಯಿತು. ಉಳಿದದ್ದನ್ನೆಲ್ಲ ಅವಳೇ ಹಾಡಿದಳು. ನಾನು ಬೆಂಚಿನಿಂದ ಇಳಿದು, ಒದ್ದೆ ಸೀರೆ ಹಿಂಡಿಕೊಂಡು, ಕೊಡೆ ಏರಿಸುತ್ತ ಇಳಿಸುತ್ತ ಕೊನೆಯವರೆಗೂ ಅಲ್ಲೇ ನಿಂತೆ. ಕಾಲು ನೋಯಲಿಲ್ಲ. ಹಾಡುವಾಗ ನನಗೆ ಯಾವಾಗಲೂ ಕಾಲು ನೋಯುತ್ತಿತ್ತು.

ಎಲ್ಲ ಮುಗಿದ ಮೇಲೆ ಹುಡುಗಿ ಕೈ ಚಾಚಿ ತಡವರಿಸುತ್ತ ಬಂದಳು. "ಆಂಟೀ, ಕನ್ನಡಕ."

ಕೊಟ್ಟೆ. "ಎಲ್ಲರೂ ನಿಲ್ಲಿಸಿದರಲ್ಲ, ನಿನಗೆ ಹೆದರಿಕೆ ಆಗಲಿಲ್ಲವಾ? ಕೊಡೆ ನೋಡಲಿಲ್ಲವಾ?"

"ಯಾವ ಕೊಡೆ?" ಎಂದಳು. "ನನಗೆ ಮೈಕೊಂದು ಬಿಟ್ಟು ಏನೂ ಕಾಣುತ್ತಿರಲಿಲ್ಲ. ಅಲ್ಲಿ ನಿಲ್ಲಿಸುವುದೆಂದು ನೀವೆಲ್ಲ ಮೊದಲೇ ಮಾತಾಡಿಕೊಂಡಿದ್ದೀರಿ, ನನಗೆ ಹೇಳಲು ಮರೆತಿರಿ ಎಂದುಕೊಂಡೆ."

ಧೈರ್ಯವೂ ಅಲ್ಲ, ಏನೂ ಅಲ್ಲ. ಕಣ್ಣು ಕಾಣುತ್ತಿರಲಿಲ್ಲ. ಆದರೂ ಹಾಡಿದ್ದು ಹಾಡಿದ್ದೇ.

ಸೆಕ್ರೆಟರಿ ಉಬ್ಬಿ ಹೋಗಿದ್ದರು. ಕಮಿಟಿಯವರು ಎಲ್ಲಕ್ಕೂ ಒಪ್ಪಿದ್ದಾರೆ, ವರ್ಷವಿಡೀ ನಿಮ್ಮದೇ ತಂಡ ಎಂದರು. "ಆದ್ರ ನೀವ್ಯಾಕ್ ಆಮ್ಯಾಲ ಹಾಡಲಿಲ್ರಿ ಅಕ್ಕಾರ?"

"ಅದನ್ನು ಬಿಡಿ. ನಿಮ್ಮ ಮಗಳು ನಮಗೆ ಬೇಕು. ಇಲ್ಲಿಗೆ ಮಾತ್ರ ಅಲ್ಲ, ತಂಡಕ್ಕೇ."

ಅವರ ಮುಖದ ಗಾಳಿ ಇಳಿಯಿತು. "ಹಂಗಲ್ರಿ, ಎರಡ ಹಾಡು ಅಂದ್ರ ಹವ್ಯಾಸ. ತಂಡ ಅಂದ್ರ ಊರೂರು ತಿರಗೂದು. ಆಕಿ ಬಿ.ಎಸ್ಸಿ. ಓದಾಕತ್ತಾಳ..."

ಅಲ್ಲಿಯವರೆಗೆ ಬಾಯಿ ತೆರೆಯದಿದ್ದ ಅವರ ಹೆಂಡತಿ ಒಂದು ಟವೆಲು ತಂದು ನನ್ನ ತಲೆಯ ಮೇಲೆ ಹಾಕಿದರು. ಆಮೇಲೆ ನನ್ನನ್ನು ನೆಟ್ಟಗೆ ನೋಡಿದರು.

"ನೀವು ಮ್ಯಾಲ ಹಾಡ್ತೀರಂದ್ರ ನಾ ಕಳಸೂದಿಲ್ರಿ. ಆಕೀನ್ನ ನೋಡೋರ್ಯಾರು? ಇವತ್ತ ನಿಂತ್ರಲ್ಲ, ಹಿಂದ, ಮಳ್ಯಾಗ. ದಿನಾ ಹಂಗ ನಿಲ್ತೀನಿ ಅನ್ರಿ, ರಜಾದಾಗ ಕರಕೊಂಡ್ ಹೋಗ್ರಿ."

"ನಿಲ್ಲುತ್ತೇನೆ" ಎಂದೆ.

ಯೋಚನೆ ಮಾಡಿ ಹೇಳಿದೆಯಾ ಎಂದು ಮಾಸ್ಟರ್ ಆಮೇಲೆ ಕೇಳಿದರು. ಯೋಚನೆ ಆ ಒಂದು ಹೆಜ್ಜೆ ಹಿಂದೆ ತೆಗೆದಾಗಲೇ ಮುಗಿದಿತ್ತು. "ಹಾಗಾದರೆ ನೀನು ಹಾಡುವುದು ಇನ್ನು ಎಲ್ಲಿ ಪೆಂಙಳೇ?" ಎಂದರು. "ಅಡುಗೆಮನೆಯಲ್ಲಿ. ಅಲ್ಲಿ ಯಾರೂ ಕೂಗುವುದಿಲ್ಲ" ಎಂದೆ. ಮಾಸ್ಟರ್ ತುಂಬ ಹೊತ್ತು ನಕ್ಕರು. ಅಕಾರ್ಡಿಯನ್‌ನವನು ಪೆಟ್ಟಿಗೆಗೆ ಬೀಗ ಹಾಕುತ್ತ, "ಇನ್ನು ಎಲ್ಲ ಹಾಡೂ ಆ ಮೇಲಿನ ಶ್ರುತಿಯಲ್ಲೇ ಕಲಿಯಬೇಕಲ್ಲ, ಕರ್ಮ" ಎಂದ. ಬೊಂಬಾಯಿಯ ಮಾತು ಅವನ ಬಾಯಿಂದ ಮತ್ತೆ ಬರಲಿಲ್ಲ.

ಮರುದಿನ ಬೆಳಿಗ್ಗೆ, ರೈಲಿಗೆ ಇನ್ನೂ ಹೊತ್ತಿತ್ತು. ಉಳಿದವರು ದೋಸೆ ತಿನ್ನಲು ಕುಳಿತರು. ನಾನು ಬಸ್ಸು ಹಿಡಿದು ತಿರುವನಂತಪುರದ ಚಾಲ ಬಜಾರಿಗೆ ಹೋಗಿ ಒಂದು ಕೊಡೆಯಂಗಡಿ ಹೊಕ್ಕೆ. ಅಂಗಡಿಯವನು ಕಪ್ಪು ಕೊಡೆಗಳ ಕಟ್ಟು ಇಳಿಸಿದ.

"ಕಪ್ಪು ಬೇಡ. ಹಳದಿ ಇದೆಯಾ?"

"ಮಗುವಿಗಾ?"

"ಅಲ್ಲ. ಕೆಲಸಕ್ಕೆ."

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಈ ಪ್ರಾಯದಲ್ಲಿ ಹಳದಿ ಕೊಡೆ ಹಿಡಿದರೆ ಊರೆಲ್ಲ ನೋಡುತ್ತದೆ ಚೇಚಿ."

"ಊರು ಬೇಡ. ಗಿಟಾರಿನವರು, ಡ್ರಮ್ಮಿನವನು, ಮೈಕಿನವನು ನೋಡಿದರೆ ಸಾಕು."

ಅವನಿಗೆ ಏನೂ ಅರ್ಥವಾಗಲಿಲ್ಲ, ಆದರೂ ಅಟ್ಟ ಹತ್ತಿ ಹುಡುಕಿ ಒಂದು ತಂದ. ಅರಸಿನ ಅರೆದ ಹಾಗಿರುವ ಬಣ್ಣ. ತೋರಿಸಲೆಂದು ಬಿಚ್ಚಲು ಹೊರಟ.

"ಬಿಚ್ಚಬೇಡ ಮಾರಾಯ, ಮುಚ್ಚಿ ಕೊಡು" ಎಂದೆ.

ಹೊರಗೆ ಹನಿಯುತ್ತಿತ್ತು. ಹಳೆಯ ಕಪ್ಪು ಕೊಡೆ ಬಿಚ್ಚಿದೆ, ಹಳದಿಯದನ್ನು ನೆನೆಯದ ಹಾಗೆ ಕಂಕುಳಲ್ಲಿ ಇಟ್ಟುಕೊಂಡು ಸ್ಟೇಷನ್ನಿಗೆ ನಡೆದೆ.